ಚಾಳೀಸು: ಕಣ್ಣಿನೊಳಗಿನ ಮಸೂರದ ಲೆಕ್ಕ

ಕನ್ನಡಕವನ್ನು ನಮ್ಮ ಹಿರಿಯರು ‘ಚಾಳೀಸು’ ಎಂದೂ ಕರೆಯುತ್ತಿದ್ದರು. ಮುಂಬಯಿಯ ಮರಾಠಿ ಬಾಂಧವರಿಗೆ ಅದು ‘ಚಾಳಿಶಿ’. ಎರಡಕ್ಕೂ ಮೂಲ ನಲವತ್ತು ಎಂಬ ಸಂಖ್ಯೆಯೇ. ಆ ವಯಸ್ಸು ದಾಟುತ್ತಲೇ ಲೋಕಲ್ ಗಾಡಿಯಲ್ಲಿ ಪತ್ರಿಕೆಯನ್ನು ತೋಳು ಚಾಚಿ ಹಿಡಿಯುವುದೂ, ಲೆಕ್ಕದ ಪುಸ್ತಕದಲ್ಲಿ 3 ಯಾವುದು, 8 ಯಾವುದು ಎಂದು ತಡವರಿಸುವುದೂ ಆರಂಭವಾಗುತ್ತದೆ. ಇದು ರೋಗವಲ್ಲ, ವಯೋಧರ್ಮ.

ಇದರ ಮರ್ಮವನ್ನು ಮನೆಯಲ್ಲಿಯೇ ಅರಿಯಬಹುದು. ಕಿಟಕಿಗೆ ಎದುರಾದ ಗೋಡೆಯ ಮುಂದೆ ಭೂತಗನ್ನಡಿಯನ್ನು ಹಿಡಿದು ಹಿಂದೆ ಮುಂದೆ ಸರಿಸಿರಿ. ಒಂದು ಅಂತರದಲ್ಲಿ ಹೊರಗಿನ ಕಟ್ಟಡದ ಪುಟ್ಟ ಪ್ರತಿಬಿಂಬವು ತಲೆಕೆಳಗಾಗಿ ಗೋಡೆಯ ಮೇಲೆ ಮೂಡುತ್ತದೆ. ಕಣ್ಣಿನಲ್ಲಿಯೂ ಹೀಗೆಯೇ. ಮುಂಭಾಗದ ಪಾರದರ್ಶಕ ಪಟಲವೂ ಒಳಗಿನ ಮಸೂರವೂ ಕೂಡಿ ಬೆಳಕನ್ನು ಬಾಗಿಸಿ, ಹಿಂದಿನ ಅಕ್ಷಿಪಟಲದ ಮೇಲೆ ತಲೆಕೆಳಗಾದ ಬಿಂಬವನ್ನು ಮೂಡಿಸುತ್ತವೆ. ಅದನ್ನು ನೆಟ್ಟಗೆ ಗ್ರಹಿಸುವುದು ಮೆದುಳಿನ ಕಾರ್ಯ. ಆದರೆ ನಮ್ಮ ಕಣ್ಣಿನ ಮಸೂರ ಹಿಂದೆ ಮುಂದೆ ಸರಿಯದು. ಹತ್ತಿರದ ವಸ್ತುವನ್ನು ನೋಡುವಾಗ ತಾನೇ ಉಬ್ಬಿ ಶಕ್ತಿಯನ್ನು ಹೆಚ್ಚಿಸಿಕೊಳ್ಳುತ್ತದೆ. ವಯಸ್ಸಾದಂತೆ ಅದು ಗಡುಸಾಗಿ, ಉಬ್ಬುವ ಗುಣವನ್ನು ಕಳೆದುಕೊಳ್ಳುತ್ತದೆ.

ಮಸೂರದ ಶಕ್ತಿಯ ಅಳತೆ ಡಯಾಪ್ಟರ್. 40 ಸೆಂ.ಮೀ. ದೂರದ ಅಕ್ಷರವನ್ನು ಓದಲು 2.5 ಡಯಾಪ್ಟರ್‌ನಷ್ಟು ಹೆಚ್ಚುವರಿ ಶಕ್ತಿ ಬೇಕು. ಕಣ್ಣಿನ ಉಳಿತಾಯ ಸಾಲದಾದಾಗ ಆ ಕೊರತೆಯನ್ನು ಕನ್ನಡಕದ ಪೀನಮಸೂರವು ತುಂಬಿಕೊಡುತ್ತದೆ. ಕನ್ನಡಕ ಧರಿಸಿದರೆ ದೃಷ್ಟಿ ಕೆಡುವುದೆಂಬ ಭಯಕ್ಕೆ ಆಧಾರವಿಲ್ಲ.

ಮಸೂರವೇ ಮಬ್ಬಾದರೆ ಅದು ಪೊರೆ. ಬೀಳಗಿಯ ಡಾ. ಎಂ. ಸಿ. ಮೋದಿಯವರು ಊರೂರುಗಳಲ್ಲಿ ಶಿಬಿರ ನಡೆಸಿ ಅಸಂಖ್ಯ ಬಡವರ ಪೊರೆ ತೆಗೆದರು, 1968ರಲ್ಲಿ ಪದ್ಮಭೂಷಣರಾದರು. ಅಂದು ಮಸೂರವನ್ನು ತೆಗೆದ ಕಣ್ಣಿಗೆ ಸುಮಾರು 10 ಡಯಾಪ್ಟರ್‌ನ ದಪ್ಪ ಗಾಜೇ ಗತಿಯಾಗಿತ್ತು. 1949ರಲ್ಲಿ ಲಂಡನ್ನಿನ ಹೆರಾಲ್ಡ್ ರಿಡ್ಲಿಯವರು ಕಣ್ಣಿನೊಳಗೇ ಕೃತಕ ಮಸೂರವನ್ನಿರಿಸಿ ತೋರಿದ ದಾರಿ ಇಂದು ಸರ್ವಸಾಮಾನ್ಯವಾಗಿದೆ.

ಕೊನೆಯದಾಗಿ ಒಂದು ಎಚ್ಚರಿಕೆ. ಪಾದಚಾರಿ ಮಾರ್ಗದಲ್ಲಿ ಕೊಂಡ ಸಿದ್ಧ ಕನ್ನಡಕದಿಂದ ಅಕ್ಷರವೇನೋ ಕಂಡೀತು. ಆದರೆ ಅದರ ಎರಡೂ ಗಾಜುಗಳು ಒಂದೇ ಶಕ್ತಿಯವು. ನಮ್ಮ ಎರಡು ಕಣ್ಣುಗಳು ಹಾಗಿರಬೇಕೆಂದಿಲ್ಲ. ಅದಕ್ಕಿಂತ ಮುಖ್ಯವಾಗಿ, ಗ್ಲಾಕೋಮಾ ಎಂಬ ವ್ಯಾಧಿಯು ಸಾಮಾನ್ಯವಾಗಿ ನೋವಿಲ್ಲದೆ, ಅಂಚಿನಿಂದ ದೃಷ್ಟಿಯನ್ನು ಕಬಳಿಸುತ್ತ ಬರುತ್ತದೆ. ಹೋದ ದೃಷ್ಟಿ ಮರಳದು. ಕಣ್ಣಿನ ಒತ್ತಡವನ್ನೂ ನರವನ್ನೂ ವೈದ್ಯರು ಪರೀಕ್ಷಿಸಿದರೆ ಮಾತ್ರ ಅದು ಮೊದಲೇ ಪತ್ತೆಯಾದೀತು. ಆದುದರಿಂದ ಚಾಳೀಸು ಬಂದಾಗ ಅಂಗಡಿಗಿಂತ ಮೊದಲು ನೇತ್ರವೈದ್ಯರಲ್ಲಿಗೆ ಹೋಗುವುದೇ ವಿವೇಕ.