ನಮಾಜಿನ ಸಾಲು

ಇಸ್ಲಾಮಿನಲ್ಲಿ ನಿನಗೆ ಚೆಂದ ಕಾಣುವುದೇನಯ್ಯಾ ಎಂದು ಕನ್ನಡ ಸಂಘದ ಗೆಳೆಯರು ಕೇಳುವುದುಂಟು. ನಂಬಿ ನಡೆಯುವವನಾಗಿ ನನ್ನ ಉತ್ತರ ಒಂದೇ: ನಮಾಜಿನ ಸಾಲು.

ಡೊಂಬಿವಲಿಯಿಂದ ಹೊರಡುವ ಲೋಕಲ್ ಗಾಡಿಯಲ್ಲಿ ಫಸ್ಟ್ ಕ್ಲಾಸಿನ ಡಬ್ಬಿ ಬೇರೆ, ಸೆಕೆಂಡ್ ಕ್ಲಾಸಿನದು ಬೇರೆ. ಮುಂಬ್ರಾದಲ್ಲಿ ಇಳಿದು ಮಸೀದಿಗೆ ಹೋದರೆ ಆ ಲೆಕ್ಕ ನಡೆಯುವುದಿಲ್ಲ. ಮೊದಲು ಬಂದವನಿಗೆ ಮೊದಲ ಸಾಲು. ಅಂಗಡಿಯ ಧಣಿ ತಡವಾಗಿ ಬಂದರೆ ಹಮಾಲನ ಹಿಂದೆ ನಿಂತು, ಅವನ ಹಿಮ್ಮಡಿಯ ಹತ್ತಿರವೇ ಹಣೆ ಊರಬೇಕು. ಈ ಸಾಲಿಗೆ ಅರಬಿಯಲ್ಲಿ ‘ಸಫ್’ ಅಂತಾರೆ. ಮುಂದೆ ನಿಲ್ಲುವ ಇಮಾಮರ ಸ್ಥಾನವೂ ಹುಟ್ಟಿನಿಂದ ಬರುವುದಲ್ಲ.

ಈ ಸಮಾನತೆ ಮಸೀದಿಯ ಬಾಗಿಲಲ್ಲೇ ನಿಲ್ಲಬಾರದು. ಅದಕ್ಕೇ ಜಕಾತ್ ಇದೆ. ಗೊತ್ತಾದ ಮಿತಿ ಮೀರಿದ ಉಳಿತಾಯ ವರ್ಷವಿಡೀ ಕೈಯಲ್ಲಿ ಉಳಿದರೆ, ಅದರಲ್ಲಿ ನೂರಕ್ಕೆ 2.5 ರೂಪಾಯಿ ಕೊಡಲೇಬೇಕು. ಕುರಾನು ಅದನ್ನು ಬಡವರ ಹಕ್ಕೆನ್ನುತ್ತದೆ. ಹಕ್ಕೆಂದ ಮೇಲೆ ಕೊಡುವವನು ಬೀಗುವಂತಿಲ್ಲ, ಪಡೆಯುವವನು ನಾಚಬೇಕಿಲ್ಲ.

ಹಾಗಾದರೆ ಹೆಂಗಸರ ಗತಿ ಏನು ಎಂದು ನೀವು ಕೇಳಬಹುದು. ಕೇಳಲೇಬೇಕು. ಕಾಸರಗೋಡಿನಲ್ಲಿ 1936ರಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯಲ್ಲಿ ಅದನ್ನೇ ಕೇಳಿದರು. ತಲಾಖಿಗೆ ಸಿಕ್ಕಿ ಬಾಳು ಹಾಳಾದ ನಾದಿರಾಳ ಕತೆ ಅದು. ಧರ್ಮಕ್ಕೆ ಅಪಚಾರವಾಯಿತು ಅಂದವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಹಮಾಲನಿಗೂ ಧಣಿಗೂ ಒಂದೇ ಸಾಲು ಕೊಟ್ಟ ಧರ್ಮ ಮನೆಯೊಳಗಿನ ಹೆಣ್ಣಿಗೂ ಅದೇ ನ್ಯಾಯ ಕೊಡಲಿ ಎಂದು ಕೇಳುವುದು ನಂಬಿದವರ ಕೆಲಸವೇ. ನೀವೂ ಆ ಕಾದಂಬರಿ ಓದಿ, ಮಿತ್ರರೇ, ಚರ್ಚೆಗೆ ಕೂರೋಣ.