ಮಳೆಗಾಲಕ್ಕೊಂದು ಗೊಣಬೆ

ಹಿಮ ಬೀಳುವ ದೇಶಗಳಲ್ಲಿ ದನಗಳ ಮೇವಿಗಾಗಿ ಬೇಸಿಗೆಯಲ್ಲಿಯೇ ಹುಲ್ಲನ್ನು ಒಣಗಿಸಿ ಚಳಿಗಾಲಕ್ಕೆ ಕೂಡಿಡುವುದುಂಟು. ನಮ್ಮ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಹಿಮವಿಲ್ಲ. ಜೂನ್ ತಿಂಗಳಿನಿಂದ ಹಿಡಿದು ಕೂರುವ ಮಳೆಯಿದೆ. ಆಗ ಗುಡ್ಡವೆಲ್ಲ ಹಸುರಾದರೂ ದನಕ್ಕೆ ಹೊಟ್ಟೆ ತುಂಬದು. ಗದ್ದೆಯಲ್ಲಿ ನಾಟಿಯಾಗಿರುತ್ತದೆ; ಎಳೆಹುಲ್ಲಿನಲ್ಲಿ ನೀರೇ ಹೆಚ್ಚು; ಜಡಿಮಳೆಯಲ್ಲಿ ದನ ನಿಂತು ಮೇಯಲಾರದು. ಆದುದರಿಂದ ನಾವು ಗೊಣಬೆ ಕಟ್ಟುವುದು ಚಳಿಗಲ್ಲ, ಮಳೆಗೆ.

ಹಸಿಹುಲ್ಲಿನ 100 ಪಾಲಿನಲ್ಲಿ ಸುಮಾರು 75ರಿಂದ 80 ಪಾಲು ನೀರು. ಒಣಗಿದ ಹುಲ್ಲಿನಲ್ಲಿ ಅದು 15 ಪಾಲಿನಷ್ಟಕ್ಕೆ ಇಳಿದ ಮೇಲೆಯೇ ಒಟ್ಟತಕ್ಕದ್ದು. ತೇವ ಉಳಿದರೆ ಒಳಗೆ ಕಾವೆದ್ದು ಬೂಷ್ಟು ಹಿಡಿಯುತ್ತದೆ. ಗೊಣಬೆಯ ಬುಡಕ್ಕೆ ಕಲ್ಲಿಟ್ಟು, ಮರದ ತುಂಡು ಹಾಸಿ, ನಡುವೆ ಕಂಬ ನೆಡುತ್ತಾರೆ. ಕಂಬದ ಸುತ್ತ ಒಟ್ಟುವಾಗ ನಡುಭಾಗ ಯಾವಾಗಲೂ ಎತ್ತರವಾಗಿದ್ದು ಹುಲ್ಲು ಹೊರಕ್ಕೆ ಇಳಿಜಾರಾಗಿರಬೇಕು. ಇಡೀ ವಿದ್ಯೆ ಇರುವುದು ಇಷ್ಟರಲ್ಲಿಯೇ.

ಒಂದು ವರ್ಷ ನಮ್ಮ ಮನೆಯಲ್ಲಿ ಅವಸರದಿಂದ ಒಟ್ಟಿ ನಡುಭಾಗ ತಗ್ಗಾಯಿತು. ಆಷಾಢದಲ್ಲಿ ಎಳೆದು ನೋಡಿದರೆ ಒಳಗೆಲ್ಲ ಕಪ್ಪು. ಬೂಷ್ಟು ಹಿಡಿದ ಹುಲ್ಲು ದನಕ್ಕೆ ವಿಷ. ಅಪ್ಪಯ್ಯ ಅದನ್ನು ಗೊಬ್ಬರದ ಗುಂಡಿಗೆ ಹಾಕಿಸಿದರು. ತಿಂಗಳೊಳಗೆ ನಾನು ಸಾಕಿದ ಕಡಸನ್ನು ಮಾರಬೇಕಾಯಿತು. ಅಂದಿನಿಂದ ಗೊಣಬೆಯ ನೆತ್ತಿಯನ್ನು ನೋಡದೆ ನಾನು ಅಂಗಳ ದಾಟುವುದಿಲ್ಲ.

ಈಗ ಇನ್ನೊಂದು ಕಷ್ಟ ಬಂದಿದೆ. ಗದ್ದೆಗಳು ಅಡಕೆ ತೋಟಗಳಾಗುತ್ತಿವೆ. ಮನೆಯ ಹುಲ್ಲು ಸಾಲದೆ ಬಯಲುಸೀಮೆಯಿಂದ ಲಾರಿಯಲ್ಲಿ ತರಿಸುವವರಿದ್ದಾರೆ. ಭತ್ತದ ಹುಲ್ಲಿನಲ್ಲಾದರೋ ಸಸಾರಜನಕ 100ಕ್ಕೆ 3–4 ಪಾಲು ಮಾತ್ರ. ಇತ್ತ ಮನೆಯ ಪಕ್ಕದ ಬ್ಯಾಣದ ಹುಲ್ಲು ಬಲಿತು, ಒಣಗಿ, ಎಷ್ಟೋ ಕಡೆ ಬೇಸಿಗೆಯ ಬೆಂಕಿಗೆ ಹೋಗುತ್ತದೆ. ಅದನ್ನೇ ಮಳೆ ಹಿಂದಾದ ಮೇಲೆ, ಹೂ ಬಿಡುವ ಹೊತ್ತಿಗೆ ಕೊಯ್ದರೆ ಸತ್ವ ಹೆಚ್ಚು. ಬೀಜ ಕಟ್ಟಿದ ಮೇಲೆ ಉಳಿಯುವುದು ಬಹುಮಟ್ಟಿಗೆ ನಾರು. ಬೆಳಗಿನ ಇಬ್ಬನಿ ಆರಿದ ಮೇಲೆ ಕೊಯ್ದು, ತೆಳುವಾಗಿ ಹರವಿ, ಮಗುಚಿ ಹಾಕಬೇಕು. ಸಂಜೆ ಗುಪ್ಪೆ ಮಾಡಿ ಮುಚ್ಚಿದರೆ ಇಬ್ಬನಿ ತಾಕದು. ದಂಟನ್ನು ತಿರುಚಿದಾಗ ಪಸೆ ಕಾಣದೆ ಮುರಿದರೆ ಒಣಗಿತೆಂದು ತಿಳಿಯಬಹುದು. ಬಣ್ಣ ಸ್ವಲ್ಪ ಹಸುರಾಗಿಯೇ ಉಳಿದಿರಬೇಕು; ಬಿಸಿಲಿಗೆ ಬಿಳಿಚಿದ ಹುಲ್ಲಿನಲ್ಲಿ ‘ಎ’ ಜೀವಸತ್ವದ ಮೂಲವಾದ ಕ್ಯಾರೊಟಿನ್ ನಷ್ಟವಾಗಿರುತ್ತದೆ.

ಇದಕ್ಕೆ ಬೇಕಾದುದು ಒಂದು ಕತ್ತಿ, ನಾಲ್ಕು ದಿನದ ಬಿಸಿಲು, ಮನೆಮಂದಿಯ ಕೈ. ರಜೆಯಲ್ಲಿ ಊರಿಗೆ ಹೋಗುವ ಸಹಪಾಠಿಗಳು ಒಂದು ಹೊರೆಯನ್ನಾದರೂ ಹೀಗೆ ಒಣಗಿಸಿ ನೋಡಲಿ. ಮಳೆಗಾಲದಲ್ಲಿ ಯಾವ ಹುಲ್ಲು ಹೆಚ್ಚೆಂಬುದನ್ನು ಕೊಟ್ಟಿಗೆಯ ದನವೇ ಹೇಳುತ್ತದೆ.