ಹಸುರು ಬೆರೆಟ್

ಟೋಪಿಯು ಬಿಸಿಲುಮಳೆಗಳಿಂದ ತಲೆಯನ್ನು ಕಾಯುವ ವಸ್ತು. ಆದರೆ ಪ್ರಾಣವನ್ನೇ ಪಣವಾಗಿಟ್ಟು ಧರಿಸಿದ ಟೋಪಿಯೊಂದು ಎರಡನೆಯ ಮಹಾಯುದ್ಧದ ಚರಿತ್ರೆಯನ್ನೋದುವಾಗ ನನ್ನ ಗಮನವನ್ನು ಸೆಳೆಯಿತು. ಅದೇ ಬ್ರಿಟಿಷ್ ಕಮಾಂಡೋಗಳ ಹಸುರು ಬೆರೆಟ್.

ಬೆರೆಟ್ ಎಂದರೆ ಹೊರಚಾಚಿದ ಅಂಚಿಲ್ಲದ, ಮೆತ್ತನೆಯ ಉಣ್ಣೆಯ ಟೋಪಿ. ಬ್ರಿಟನ್ನಿನ ಟ್ಯಾಂಕ್ ದಳವು 1924ರಲ್ಲಿ ಕಪ್ಪು ಬೆರೆಟನ್ನು ಸ್ವೀಕರಿಸಿದುದು ಅಲಂಕಾರಕ್ಕಲ್ಲ, ಅನುಕೂಲಕ್ಕೆ: ಇಕ್ಕಟ್ಟಾದ ಟ್ಯಾಂಕಿನೊಳಗೆ ಅದು ಎಲ್ಲಿಯೂ ತಗುಲದು, ಕಪ್ಪಿನ ಮೇಲೆ ಎಣ್ಣೆಯ ಕಲೆ ಕಾಣದು.

ಕಮಾಂಡೋ ಪಡೆಗಳು ಹುಟ್ಟಿದ್ದು 1940ರಲ್ಲಿ. ನಾನಾ ರೆಜಿಮೆಂಟುಗಳಿಂದ ಸ್ವಇಚ್ಛೆಯಿಂದ ಬಂದವರು ತಂತಮ್ಮ ಹಳೆಯ ಟೋಪಿಗಳನ್ನೇ ಧರಿಸುತ್ತಿದ್ದರು. 1942ರಲ್ಲಿ ಎಲ್ಲರಿಗೂ ಒಂದೇ ಹಸುರು ಬೆರೆಟ್ ಬಂದಿತು. ಸ್ಕಾಟ್ಲೆಂಡಿನ ಅಕ್ನಾಕ್ಯಾರಿಯಲ್ಲಿ ಹೊರೆಹೊತ್ತ ವೇಗದ ನಡಿಗೆ, ಬಂಡೆಯೇರುವುದು, ನಿಜವಾದ ಗುಂಡುಗಳ ನಡುವೆ ದೋಣಿಯಿಂದಿಳಿಯುವುದು ಮುಂತಾದ ಪರೀಕ್ಷೆಗಳು ನಡೆಯುತ್ತಿದ್ದವು. ಸೋತವನು ಹಳೆಯ ದಳಕ್ಕೇ ಹಿಂತಿರುಗಬೇಕು. ಅದೇ ವರ್ಷದ ಅಕ್ಟೋಬರಿನಲ್ಲಿ, ಸೆರೆಸಿಕ್ಕ ಕಮಾಂಡೋಗಳನ್ನು ಸಮವಸ್ತ್ರದಲ್ಲಿದ್ದರೂ ಕೊಲ್ಲಬೇಕೆಂದು ಹಿಟ್ಲರನು ರಹಸ್ಯಾಜ್ಞೆಯನ್ನು ಹೊರಡಿಸಿದನು. ಅನೇಕರು ಹಾಗೆಯೇ ಹತರಾದರು. ಆದರೂ ಹಸುರು ಬೆರೆಟಿಗಾಗಿ ಮುಂದೆ ಬರುವವರು ನಿಲ್ಲಲಿಲ್ಲ.

ಬ್ರಿಟನ್ನಿನ ಪ್ಯಾರಾಷೂಟ್ ಪಡೆಗೆ ಕಂದುಗೆಂಪು ಬೆರೆಟ್ ಬಂದುದೂ 1942ರಲ್ಲಿಯೇ. ಭಾರತದ ಪ್ಯಾರಾಷೂಟ್ ರೆಜಿಮೆಂಟ್ ಇಂದಿಗೂ ಆ ಬಣ್ಣವನ್ನೇ ಧರಿಸುತ್ತದೆ. ಅದರ ತರಬೇತಿ ಕೇಂದ್ರವು ನಮ್ಮ ಬೆಂಗಳೂರಿನಲ್ಲಿದೆ.

ಬಟ್ಟೆಯ ಬೆಲೆ ಅಲ್ಪ; ಅದನ್ನು ಗಳಿಸಿದ ಶ್ರಮದ ಬೆಲೆ ದೊಡ್ಡದು. ನಮ್ಮ ಮನೆತನದಲ್ಲಿ ಘಟಿಕೋತ್ಸವದ ನಿಲುವಂಗಿಯನ್ನು ತೊಡಲಿರುವವರಲ್ಲಿ ನಾನೇ ಮೊದಲಿಗ. ನಿಲುವಂಗಿಯನ್ನು ಬಾಡಿಗೆಗೆ ತರಬಹುದು. ಅದಕ್ಕೆ ತಕ್ಕ ಓದನ್ನು ತರಲಾದೀತೆ?